ನರ ತೆಗೆದ ಹಲ್ಲಿಗೆ ಮತ್ತೆ ಕೀವು: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

"ಸರ್, ನರಾನೇ ತೆಗೆದು ಹಾಕಿದ್ರಲ್ಲ, ಮತ್ತೆ ಕೀವು ಎಲ್ಲಿಂದ ಬರುತ್ತೆ?"

ಹೊನ್ನಾಳಿ ಕಡೆಯ ಅಂಗನವಾಡಿ ಟೀಚರ್ ಒಬ್ಬರು ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಮೇಲಿನ ಬಲಗಡೆಯ ದವಡೆ ಹಲ್ಲು. ರೂಟ್ ಕೆನಾಲ್ ಆಗಿ ಎರಡು ವರ್ಷ. ಮೇಲೆ ಕ್ಯಾಪ್ ಇದೆ. ನೋವು ಅಂತ ಹೇಳುವಂಥದ್ದು ಏನೂ ಇಲ್ಲ. ಆದರೆ ಹಲ್ಲಿನ ಮೇಲೆ ವಸಡಿನಲ್ಲಿ ಜೋಳದ ಕಾಳಿನಷ್ಟು ದೊಡ್ಡ ಗುಳ್ಳೆ. ತಿಂಗಳಿಗೊಂದು ಸಲ ಉಬ್ಬುತ್ತದೆ, ಒಡೆಯುತ್ತದೆ, ಬಾಯಲ್ಲಿ ಉಪ್ಪುಪ್ಪು ಅನ್ನಿಸುತ್ತದೆ, ಆಮೇಲೆ ಇಂಗುತ್ತದೆ. ಅವರು ಮೆಡಿಕಲ್ ಶಾಪಿನಿಂದ ನಾಲ್ಕು ಸಲ ಮಾತ್ರೆ ತಂದು ನುಂಗಿದ್ದರು. ಮಾತ್ರೆ ತಗೊಳ್ಳುತ್ತಿರುವಷ್ಟು ದಿನ ಗುಳ್ಳೆ ಇರುವುದಿಲ್ಲ. ನಿಲ್ಲಿಸಿದ ಹದಿನೈದು ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಎದ್ದಿರುತ್ತದೆ.

ಆ ಹಲ್ಲಿಗೆ ಮೊದಲು ರೂಟ್ ಕೆನಾಲ್ ಮಾಡಿದವನು ನಾನೇ. ಹಾಗಾಗಿ ಅವರ ಪ್ರಶ್ನೆಗೆ ಉತ್ತರ ಹುಡುಕಿ ಕೊಡುವ ಜವಾಬ್ದಾರಿಯೂ ನನ್ನದೇ ಆಗಿತ್ತು. ಆ ಉತ್ತರ ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಚಿತ್ರದುರ್ಗದಲ್ಲೂ ಒಂದಿದೆ. ಪ್ರತಿ ವರ್ಷ ಹೊಸ ಡಾಕ್ಟರುಗಳು ಓದು ಮುಗಿಸಿ ಹೊರಗೆ ಬರುತ್ತಾರೆ, ತಾಲ್ಲೂಕು ಊರುಗಳಲ್ಲಿ ಕ್ಲಿನಿಕ್ ಇಡುತ್ತಾರೆ. ಅವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ನನ್ನ ಆಸೆ. ಇಂಥ ಹಲ್ಲು ಇಟ್ಟುಕೊಂಡು ಒದ್ದಾಡುತ್ತಿರುವವರಿಗೂ ಅರ್ಥವಾಗುವ ಹಾಗೆ ಬರೆಯುತ್ತೇನೆ.

ಕೀವು ಅಂದರೆ ಯಾರೋ ಒಳಗಿದ್ದಾರೆ

1965ರಲ್ಲಿ ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಅವರ ಜೊತೆಗಾರರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹಲ್ಲು ಕೊರೆದು ಒಳಗಿನ ನರ ತೆರೆದು ಹಾಗೇ ಬಿಟ್ಟರು. ಒಂದು ಗುಂಪಿನಲ್ಲಿ ಮಾಮೂಲಿ ಇಲಿಗಳಿದ್ದವು. ಇನ್ನೊಂದು ಗುಂಪಿನವು ಒಂದೇ ಒಂದು ಸೂಕ್ಷ್ಮಜೀವಿಯೂ ಸೋಕದ ಹಾಗೆ ಸಾಕಿದ ಇಲಿಗಳು. ಮಾಮೂಲಿ ಇಲಿಗಳಲ್ಲಿ ನರ ಸತ್ತು ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಸೂಕ್ಷ್ಮಜೀವಿ ಇಲ್ಲದ ಇಲಿಗಳಲ್ಲಿ ತೂತಿನೊಳಗೆ ತಿಂದ ಆಹಾರ ತುಂಬಿಕೊಂಡಿದ್ದರೂ ನರ ಸಾಯಲಿಲ್ಲ. ತೂತಿನ ಮೇಲೆ ಹೊಸ ಗೋಡೆಯೇ ಬೆಳೆಯಿತು.

ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಗೊತ್ತಿಲ್ಲ. ನರ ಇಲ್ಲದ್ದರಿಂದಾಗಲಿ, ಆ ಜಾಗಕ್ಕೆ ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬಿದ್ದರಿಂದಾಗಲಿ ಕೀವು ಬರುವುದಿಲ್ಲ. ಬ್ಯಾಕ್ಟೀರಿಯಾ ಎಲ್ಲೋ ಬದುಕಿದ್ದರೆ ಮಾತ್ರ ಬರುತ್ತದೆ. ನಾವು ನರ ತೆಗೆದೆವು ನಿಜ, ಆದರೆ ಅದು ಇದ್ದ ಜಾಗ ಹಾಗೇ ಇದೆ. ಆ ಜಾಗದ ಯಾವ ಮೂಲೆಯಲ್ಲಿ ಅವು ಕೂತಿವೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅವುಗಳ ಹೆಸರಿಗಿಂತ ವಿಳಾಸ ಮುಖ್ಯ.

ಮೊದಲು: ನಿಜಕ್ಕೂ ದೋಷ ಇದೆಯಾ?

ರೂಟ್ ಕೆನಾಲ್ ಆದ ಮೂರು ನಾಲ್ಕು ದಿನ ಹಲ್ಲು ಕಚ್ಚಿದರೆ ನೋಯುವುದು ಸಹಜ. ಅದನ್ನು ಸೋಂಕು ಉಳಿದಿದೆ ಅಂತ ಲೆಕ್ಕಕ್ಕೆ ತಗೋಬೇಡಿ. ಹಾಗೆಯೇ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು ಕಂಡ ಕೂಡಲೇ ಗಾಬರಿಯಾಗಬೇಡಿ. ಮೂಳೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆದು ನೋಡುವುದು ವಾಡಿಕೆ. ನೆರಳು ಚಿಕ್ಕದಾಗುತ್ತಿದ್ದರೆ ನಾಲ್ಕು ವರ್ಷದವರೆಗೂ ಕಾದು ನೋಡಬಹುದು. ಹಳೆಯ ಎಕ್ಸ್‌ರೇ ಜೊತೆ ಹೋಲಿಸುವಾಗ ಎರಡೂ ಒಂದೇ ಕೋನದಲ್ಲಿ ತೆಗೆದವಾಗಿರಬೇಕು. ಇಲ್ಲದಿದ್ದರೆ ಚಿಕ್ಕದಾದದ್ದು ದೊಡ್ಡದಾಗಿ ಕಾಣುತ್ತದೆ, ದೊಡ್ಡದಾದದ್ದು ಚಿಕ್ಕದಾಗಿ ಕಾಣುತ್ತದೆ.

ಹಲ್ಲಿನ ಬಣ್ಣ ನೋಡಿ ತೀರ್ಮಾನಕ್ಕೆ ಬರಬಾರದು. ಜಗಳೂರು ಕಡೆಯಿಂದ, ಚಿತ್ರದುರ್ಗದ ಹಳ್ಳಿಗಳಿಂದ ಬರುವ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ. ಅದು ಬೋರ್‌ವೆಲ್ ನೀರಿನ ಫ್ಲೋರೈಡ್ ಮಾಡಿದ ಕೆಲಸ. ರೂಟ್ ಕೆನಾಲ್ ಆದ ಹಲ್ಲು ಸ್ವಲ್ಪ ಮಂಕಾಗುವುದೂ ಉಂಟು. ಎರಡೂ ಸೋಂಕಿನ ಗುರುತಲ್ಲ.

ಹಾಗಾದರೆ ಯಾವುದು ಗುರುತು? ಗುಳ್ಳೆ ಮತ್ತೆ ಮತ್ತೆ ಏಳುವುದು. ತಟ್ಟಿದರೆ, ಅಗಿದರೆ ತಿಂಗಳಾದರೂ ನೋವು ಹೋಗದಿರುವುದು. ವಸಡು ಊದಿಕೊಳ್ಳುವುದು. ಎಕ್ಸ್‌ರೇಯಲ್ಲಿ ನೆರಳು ಬೆಳೆಯುತ್ತಿರುವುದು, ಅಥವಾ ಮೊದಲು ಇಲ್ಲದ ಕಡೆ ಹೊಸದಾಗಿ ಕಾಣಿಸಿಕೊಳ್ಳುವುದು. ಇದರಲ್ಲಿ ಒಂದು ಇದ್ದರೂ ಮುಂದೆ ಹುಡುಕಬೇಕು.

ಅದೇ ಹಲ್ಲಾ?

ಪೇಷೆಂಟ್ ಬೆರಳು ತೋರಿಸಿದ ಹಲ್ಲೇ ತಪ್ಪಿತಸ್ಥ ಅಂತ ನಂಬಬೇಡಿ. ಪಕ್ಕದ ಹಲ್ಲುಗಳಿಗೂ ತಣ್ಣನೆಯ ಪರೀಕ್ಷೆ ಮಾಡಿ, ಅಂದರೆ ತಣ್ಣಗಿನದು ತಾಗಿಸಿ ನರ ಬದುಕಿದೆಯಾ ನೋಡಿ. ಎಷ್ಟೋ ಸಲ ರೂಟ್ ಕೆನಾಲ್ ಆದ ಹಲ್ಲು ಸುಮ್ನೆ ಇರುತ್ತದೆ, ಅದರ ಪಕ್ಕದ್ದು ಒಳಗೊಳಗೇ ಸತ್ತಿರುತ್ತದೆ. ಮೇಲಿನ ದವಡೆ ಹಲ್ಲುಗಳ ನೋವು ಸೈನಸ್‌ನಿಂದಲೂ ಬರಬಹುದು. ಬಗ್ಗಿದಾಗ ಮುಖ ಭಾರವಾಗುತ್ತದಾ, ಮೂಗು ಕಟ್ಟಿದೆಯಾ ಕೇಳಿ. ಕ್ಯಾಪ್ ಎತ್ತರವಾಗಿ ಕಚ್ಚಿಗೆ ತಾಗುತ್ತಿದ್ದರೂ ನೋವಿರುತ್ತದೆ. ಇದನ್ನೆಲ್ಲ ನೋಡಲು ಐದು ನಿಮಿಷ ಸಾಕು.

ಗುಳ್ಳೆ ಇದ್ದರೆ ನಿಮ್ಮ ಅದೃಷ್ಟ. ಅದೇ ದಾರಿ ತೋರಿಸುತ್ತದೆ. ಗುಳ್ಳೆಯ ಬಾಯಿ ಒಂದು ಸಣ್ಣ ಸುರಂಗದ ಕೊನೆ. ಅದರ ಇನ್ನೊಂದು ಕೊನೆ ಸೋಂಕು ಇರುವಲ್ಲಿ ಇರುತ್ತದೆ. ವಸಡಿಗೆ ಮರಗಟ್ಟುವ ಜೆಲ್ ಹಚ್ಚಿ. ಸಣ್ಣ ಗಟ್ಟಾ ಪರ್ಚಾ ಕಡ್ಡಿ, 25 ಅಥವಾ 30 ನಂಬರಿನದು, ಗುಳ್ಳೆಯ ಬಾಯೊಳಗೆ ಮೆಲ್ಲಗೆ ತೂರಿಸಿ. ಒತ್ತಬೇಡಿ. ಬೆರಳ ತುದಿಯಲ್ಲಿ ಹಿಡಿದು ಕೊಂಚ ತಿರುಗಿಸಿದರೆ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ. ಇನ್ನು ಹೋಗುವುದಿಲ್ಲ ಅನ್ನಿಸಿದಾಗ ಬಿಟ್ಟು, ಹಾಗೇ ಎಕ್ಸ್‌ರೇ ತೆಗೆಯಿರಿ.

ಟೀಚರಮ್ಮನ ಎಕ್ಸ್‌ರೇಯಲ್ಲಿ ಕಡ್ಡಿ ಬಿಳಿ ಗೆರೆಯಾಗಿ ಬಾಗಿ, ಮುಂದಿನ ಬೇರಿನ ತುದಿಗೆ ಹೋಗಿ ನಿಂತಿತ್ತು. ನಾವು ಮೀಸಿಯೋಬಕ್ಕಲ್ ಬೇರು ಅನ್ನುತ್ತೇವಲ್ಲ, ಅದು. ಉಳಿದ ಎರಡು ಬೇರುಗಳ ಸುತ್ತ ಮೂಳೆ ಚೆನ್ನಾಗಿತ್ತು. ಎಕ್ಸ್‌ರೇಯನ್ನು ಅವರಿಗೇ ತೋರಿಸಿದೆ. "ಕೀವು ಇಲ್ಲಿಂದ ಬರ್ತಾ ಇದೆಯಮ್ಮ" ಅಂದೆ. ಅವರು ಬಿಳಿ ಗೆರೆಯನ್ನು ಬೆರಳಲ್ಲಿ ಹಿಂಬಾಲಿಸಿ, "ಅಷ್ಟು ಮೇಲಿಂದಾನಾ?" ಅಂದರು.

ಸೀಳು ಇದ್ದರೆ ಎಲ್ಲ ಲೆಕ್ಕ ಬದಲು

ಹಲ್ಲು ತೆರೆಯುವ ಮೊದಲೇ ಪ್ರೋಬ್, ಅಂದರೆ ಅಳತೆಯ ಗುರುತಿರುವ ಸಣ್ಣ ಕಡ್ಡಿ, ಹಿಡಿದು ಹಲ್ಲಿನ ಸುತ್ತ ವಸಡಿನ ಆಳ ನೋಡಬೇಕು. ಒಂದೊಂದು ಮಿಲಿಮೀಟರಿಗೂ ಇಟ್ಟು ನೋಡಿ. ಸುತ್ತ ಎಲ್ಲ 2, 3 ಮಿಲಿಮೀಟರ್ ಇದ್ದು, ಒಂದೇ ಒಂದು ಕಡೆ ಪ್ರೋಬ್ ದಿಢೀರನೆ 8, 9 ಮಿಲಿಮೀಟರ್ ಇಳಿದರೆ ಬೇರು ಉದ್ದಕ್ಕೆ ಸೀಳಿರುವ ಅನುಮಾನ ಬಲವಾಗುತ್ತದೆ. ಎಕ್ಸ್‌ರೇಯಲ್ಲಿ ನೆರಳು ಬೇರಿನ ತುದಿಯಲ್ಲಷ್ಟೇ ಇರದೆ, ಒಂದು ಬದಿಯಲ್ಲಿ ಮೇಲಕ್ಕೂ ಹಬ್ಬಿ ಕೊಕ್ಕೆಯ ಹಾಗೆ ಕಾಣುತ್ತದೆ.

ಚನ್ನಗಿರಿ ಕಡೆ ಅಡಿಕೆ ಜಾಸ್ತಿ. ಗಟ್ಟಿ ಅಡಿಕೆಯನ್ನು ಹಲ್ಲಲ್ಲೇ ಕಡಿದು ಒಡೆಯುವ ಅಭ್ಯಾಸ ಇರುವ ಹಿರಿಯರು ಬಹಳ. ಅಂಥವರಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕದೆ ಬಿಟ್ಟರೆ ಹಲ್ಲು ಸೀಳುವುದು ಬೇಗ. ಸೀಳಿನೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಯಾವ ಔಷಧಿಯಿಂದಲೂ ತೊಳೆಯಲು ಆಗುವುದಿಲ್ಲ. ಒಂದೇ ಬೇರಿನ ಹಲ್ಲಾದರೆ ತೆಗೆಯಬೇಕು. ಮತ್ತೆ ರೂಟ್ ಕೆನಾಲ್ ಮಾಡಿ ಪೇಷೆಂಟಿನ ದುಡ್ಡು ಹಾಳು ಮಾಡಬಾರದು. ಅದಕ್ಕೇ ಈ ಪರೀಕ್ಷೆ ಮೊದಲೇ ಮಾಡಿ ಅನ್ನುವುದು.

ಅವು ಅಡಗಿ ಕೂರುವ ಜಾಗಗಳು

ಸೀಳಿಲ್ಲ, ಹಲ್ಲು ಅದೇ ಅಂತ ಖಾತ್ರಿಯಾಯಿತು. ಈಗ ಹಳೆಯ ಎಕ್ಸ್‌ರೇ, ಹಳೆಯ ಚೀಟಿ ಎಲ್ಲ ಹೊರಗೆ ತೆಗೆಯಿರಿ. ನೇರವಾಗಿ ಒಂದು, ಸ್ವಲ್ಪ ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೆಯಿರಿ. ಓರೆ ಎಕ್ಸ್‌ರೇಯಲ್ಲಿ ತುಂಬಿದ ಬಿಳಿ ಗೆರೆ ಬೇರಿನ ನಡುವೆ ಇಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದರೆ, ಅದೇ ಬೇರಿನಲ್ಲಿ ಇನ್ನೊಂದು ನಾಳ (ನರ ಇರುವ ಸಣ್ಣ ದಾರಿ) ಖಾಲಿ ಉಳಿದಿದೆ ಅಂತ ಅರ್ಥ. ಸಂಶಯ ಉಳಿದರೆ ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಮಾಡಿಸಿ.

ಬಿಟ್ಟುಹೋದ ನಾಳವೇ ನಾನು ಎಲ್ಲಕ್ಕಿಂತ ಜಾಸ್ತಿ ಕಂಡಿರುವ ಕಾರಣ. ಮೇಲಿನ ಮೊದಲ ದವಡೆ ಹಲ್ಲಿಗೆ ಬೇರು ಮೂರು, ಹಾಗಾಗಿ ನಾಳವೂ ಮೂರು ಅಂತ ಮಾಡಿ ಮುಗಿಸುತ್ತೇವೆ. ಆದರೆ ಅರ್ಧಕ್ಕಿಂತ ಜಾಸ್ತಿ ಹಲ್ಲುಗಳಲ್ಲಿ ಮುಂದಿನ ಬೇರಿನೊಳಗೆ ಎರಡನೇ ನಾಳ ಇರುತ್ತದೆ. ಎಂಬಿ-2 ಅಂತ ಕರೆಯುತ್ತೇವೆ. ಕೆಳಗಿನ ಮುಂಭಾಗದ ಪುಟ್ಟ ಹಲ್ಲುಗಳಲ್ಲೂ ನಾಲಿಗೆ ಕಡೆ ಇನ್ನೊಂದು ನಾಳ ಇರುವುದುಂಟು. ಮುಟ್ಟದೇ ಬಿಟ್ಟ ನಾಳದಲ್ಲಿ ಸತ್ತ ನರವೇ ಗೊಬ್ಬರ. ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು?

ಇನ್ನೊಂದು ಜಾಗ ಬೇರಿನ ಕೊನೆಯ ಮೂರು ಮಿಲಿಮೀಟರ್. ಇದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸುವುದು ಸುಲಭ. ಭದ್ರಾ ನಾಲೆಗೆ ನೀರು ಬಿಟ್ಟಿದ್ದಾರೆ, ಆದರೆ ಕೊನೆ ಭಾಗದ ಗದ್ದೆಗೆ ಮುಟ್ಟಲಿಲ್ಲ ಅಂತ ರೈತರು ರಸ್ತೆಗೆ ಇಳಿಯುವುದನ್ನು ನೋಡುತ್ತಲೇ ಇರುತ್ತೇವಲ್ಲ. ಹಲ್ಲಿನ ನಾಳದಲ್ಲೂ ಅದೇ ಕಥೆ. ಮೇಲಿಂದ ಸೂಜಿಯಲ್ಲಿ ಔಷಧಿ ಬಿಡುತ್ತೇವೆ. ಅದು ಸೂಜಿಯ ತುದಿ ದಾಟಿ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಹೋಗುತ್ತದೆ. ತುದಿಯಲ್ಲಿ ಗಾಳಿ ಸಿಕ್ಕಿಕೊಂಡು ಅದನ್ನು ಇನ್ನಷ್ಟು ತಡೆಯುತ್ತದೆ. ಅಲ್ಲೇ ನಾಳ ಕವಲೊಡೆದು ಸಣ್ಣ ಸಣ್ಣ ಕಾಲುವೆಗಳಾಗಿರುತ್ತದೆ. ನಾಳ ಉಜ್ಜುವ ಸೂಜಿಯಂಥ ಫೈಲ್ ಕೆರೆದ ಹೂಳೂ ಅಲ್ಲೇ ಹೋಗಿ ಕೂರುತ್ತದೆ. ಎಕ್ಸ್‌ರೇಯಲ್ಲಿ ತುಂಬಿದ ಗೆರೆ ಬೇರಿನ ತುದಿಗಿಂತ 2 ಮಿಲಿಮೀಟರಿಗೂ ಹೆಚ್ಚು ಹಿಂದೆ ನಿಂತಿದ್ದರೆ, ಕೊನೆ ಭಾಗಕ್ಕೆ ನೀರು ಮುಟ್ಟಿಲ್ಲ ಅಂತಲೇ ತಿಳಿಯಿರಿ.

ಮೂರನೆಯದು ಮೇಲಿನಿಂದ ಸೋರಿಕೆ. ನಾಳವನ್ನು ಎಷ್ಟೇ ಚೆನ್ನಾಗಿ ತುಂಬಿದ್ದರೂ ಮೇಲಿನ ಸಿಮೆಂಟ್ ಬಿದ್ದು ಎಂಜಲು ಒಳಗೆ ಇಳಿಯುತ್ತಿದ್ದರೆ ಕೆಲವೇ ವಾರಗಳಲ್ಲಿ ಬ್ಯಾಕ್ಟೀರಿಯಾ ಗಟ್ಟಾ ಪರ್ಚಾದ ಪಕ್ಕದಲ್ಲೇ ಜಾರಿಕೊಂಡು ತುದಿ ತಲುಪಬಹುದು. "ನೋವು ಹೋಯ್ತಲ್ಲ ಸರ್, ಸುಗ್ಗಿ ಮುಗಿಸಿ ಬಂದು ಕ್ಯಾಪ್ ಹಾಕಿಸ್ತೀನಿ" ಅಂತ ಹೋದವರು ಎಂಟು ತಿಂಗಳು ಬಿಟ್ಟು ಬರುತ್ತಾರೆ. ತಾತ್ಕಾಲಿಕ ಸಿಮೆಂಟ್ ಅಷ್ಟು ದಿನ ತಡೆಯುವುದಿಲ್ಲ. ಇದನ್ನು ಪೇಷೆಂಟಿಗೆ ಮೊದಲ ದಿನವೇ ಹೇಳಬೇಕು, ದುಡ್ಡಿನ ಮಾತು ಆಡುವಾಗಲೇ ಕ್ಯಾಪಿನ ಖರ್ಚನ್ನೂ ಸೇರಿಸಿ ಹೇಳಬೇಕು. ಆಮೇಲೆ ಹೇಳಿದರೆ ಅದು ಬೇರೆ ಕೆಲಸ ಅಂತಲೇ ಅವರು ತಿಳಿಯುತ್ತಾರೆ.

ನಾಲ್ಕನೆಯದು ಬೇರಿನ ಹೊರಗೆ. ಅದು ಅಪರೂಪ. ಅದರ ಮಾತು ಮುಂದೆ ಬರುತ್ತದೆ.

ಯಾರಿವರು?

ಮೊದಲ ಸಲ ಸೋಂಕು ಹತ್ತಿದ ಹಲ್ಲಿನಲ್ಲಿ ಇರುವ ಬ್ಯಾಕ್ಟೀರಿಯಾಗಳೇ ಬೇರೆ. ಅಲ್ಲಿ ಗಾಳಿ ಬೇಡದ ಜಾತಿಗಳದ್ದೇ ರಾಜ್ಯ: ಫ್ಯೂಸೊಬ್ಯಾಕ್ಟೀರಿಯಂ, ಪೊರ್ಫಿರೊಮೊನಾಸ್, ಪ್ರಿವೊಟೆಲ್ಲಾ ಮುಂತಾದವು. ಹತ್ತು ಹನ್ನೆರಡು ಜಾತಿ, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಒಂದೇ ನಾಳದಲ್ಲಿ ಸಿಗುತ್ತವೆ. ಅವು ನಮ್ಮ ಔಷಧಿಗೆ ಬಹುಮಟ್ಟಿಗೆ ಸಾಯುತ್ತವೆ.

ಚೆನ್ನಾಗಿ ಮಾಡಿದ ರೂಟ್ ಕೆನಾಲ್ ಆದಮೇಲೂ ಉಳಿದುಕೊಳ್ಳುವವು ಕಡಿಮೆ ಜಾತಿಯವು, ಆದರೆ ಗಟ್ಟಿ ಜೀವದವು. ಸ್ಟ್ರೆಪ್ಟೊಕಾಕಸ್, ಲ್ಯಾಕ್ಟೊಬ್ಯಾಸಿಲಸ್, ಆಕ್ಟಿನೊಮೈಸಿಸ್, ಪ್ರೊಪಿಯೊನಿಬ್ಯಾಕ್ಟೀರಿಯಂ, ಜೊತೆಗೆ ಕೆಲವೊಮ್ಮೆ ಕ್ಯಾಂಡಿಡಾ ಅನ್ನುವ ಶಿಲೀಂಧ್ರ. ಇವೆಲ್ಲಕ್ಕಿಂತ ಹೆಸರು ಮಾಡಿರುವುದು ಎಂಟೆರೊಕಾಕಸ್ ಫೀಕಾಲಿಸ್. ನಾಳ ಒಂದು ಪೂರ್ತಿ ಬಿಟ್ಟುಹೋಗಿದ್ದರೆ ಈ ಲೆಕ್ಕ ಹಿಡಿಯುವುದಿಲ್ಲ, ಅಲ್ಲಿ ಮೊದಲ ಸೋಂಕಿನ ಗುಂಪೇ ಕೂತಿರುತ್ತದೆ.

ಫೀಕಾಲಿಸ್ ನಮ್ಮ ಕರುಳಿನಲ್ಲಿ ಸದಾ ಇರುವ ಜೀವಿ. 1984ರ ತನಕ ಇದನ್ನು ಸ್ಟ್ರೆಪ್ಟೊಕಾಕಸ್ ಗುಂಪಿನಲ್ಲೇ ಇಟ್ಟಿದ್ದರು. ಗಾಳಿ ಇದ್ದರೂ ಬದುಕುತ್ತದೆ, ಇಲ್ಲದಿದ್ದರೂ ಬದುಕುತ್ತದೆ. ಇದರ ಗಾತ್ರ ಒಂದು ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆ. ಹಲ್ಲಿನ ಗೋಡೆಯಲ್ಲಿರುವ ಸಣ್ಣ ಕೊಳವೆಗಳು ಒಂದರಿಂದ ಎರಡೂವರೆ ಮೈಕ್ರಾನ್ ಅಗಲ. ಹಾಗಾಗಿ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಹಲ್ಲಿನ ಗೋಡೆಯಲ್ಲಿರುವ ಕೊಲಾಜೆನ್ ಅನ್ನುವ ನಾರನ್ನು ಹಿಡಿದುಕೊಳ್ಳುವ ಅಂಟು ಇದರ ಮೈಮೇಲೇ ಇದೆ. ನಾಳ ತುಂಬಿ ಮುಚ್ಚಿದ ಹಲ್ಲಿನಲ್ಲಿ, ತಿನ್ನಲು ಬೇರೇನೂ ಇಲ್ಲದೆ, ಒಂದು ವರ್ಷ ಬದುಕಿ ಉಳಿದದ್ದನ್ನು ಪ್ರಯೋಗದಲ್ಲಿ ಕಂಡಿದ್ದಾರೆ.

ನಾವು ಎರಡು ಭೇಟಿಯ ನಡುವೆ ನಾಳದೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಡುತ್ತೇವಲ್ಲ, ಅದರ ಪಿಎಚ್ ಸುಮಾರು 12.5. ಅಷ್ಟು ಕ್ಷಾರದಲ್ಲಿ ಬಹುತೇಕ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಆದರೆ ಫೀಕಾಲಿಸ್ ಪ್ರೋಟಾನ್‌ಗಳನ್ನು ಒಳಗೆ ಪಂಪ್ ಮಾಡಿಕೊಂಡು ತನ್ನ ಒಳಗನ್ನು ಸಮವಾಗಿ ಇಟ್ಟುಕೊಳ್ಳುತ್ತದೆ. 11.1ರ ತನಕ ತಡೆದುಕೊಳ್ಳುತ್ತದೆ, 11.5ಕ್ಕೆ ಸಾಯುತ್ತದೆ. ಹಾಗಾದರೆ 12.5ರಲ್ಲಿ ಸಾಯಬೇಕಿತ್ತು ಅಲ್ವಾ? ನಾಳದ ನಡುವಿನಲ್ಲಿ ಸಾಯುತ್ತದೆ. ಆದರೆ ಗೋಡೆಯ ಕೊಳವೆಯೊಳಗೆ ಹೋಗುತ್ತಾ ಹೋಗುತ್ತಾ ಡೆಂಟಿನ್, ಅಂದರೆ ಆ ಗೋಡೆಯೇ, ಆ ಕ್ಷಾರವನ್ನು ತಗ್ಗಿಸಿಬಿಡುತ್ತದೆ. ಅದು ಕೂತ ಜಾಗಕ್ಕೆ 11.5 ಮುಟ್ಟುವುದೇ ಇಲ್ಲ.

ಹಾಗಂತ ಎಲ್ಲ ತಪ್ಪನ್ನೂ ಇದೊಂದರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಯಾವ ತೊಂದರೆಯೂ ಇಲ್ಲದ ರೂಟ್ ಕೆನಾಲ್ ಹಲ್ಲುಗಳಲ್ಲೂ ಇದು ಸಿಕ್ಕಿದೆ. ತೊಂದರೆ ಇರುವ ಎಷ್ಟೋ ಹಲ್ಲುಗಳಲ್ಲಿ ಸಿಕ್ಕಿಲ್ಲ. ಡಿಎನ್‌ಎ ಪರೀಕ್ಷೆ ಬಂದಮೇಲೆ, ಸಿಕ್ಕ ಕಡೆಯೂ ಇದು ದೊಡ್ಡ ಗುಂಪಿನ ಒಬ್ಬ ಸದಸ್ಯ ಅಷ್ಟೇ ಅಂತ ಎಷ್ಟೋ ಸಲ ಕಂಡಿದೆ. ಫೀಕಾಲಿಸ್ ಕೊಲ್ಲುವ ಹೊಸ ಔಷಧಿ ಅಂತ ಕಂಪನಿಯವರು ಬಂದು ತೋರಿಸುತ್ತಾರೆ. ಎಂಬಿ-2 ಹುಡುಕದೆ ಆ ಔಷಧಿಯನ್ನು ಉಳಿದ ಮೂರು ನಾಳಕ್ಕೆ ಸುರಿದರೆ ಏನು ಬಂತು?

ಬೇರಿನ ಹೊರಗೆ ಕೂರುವವು ಅಂದೆನಲ್ಲ, ಅವು ಮುಖ್ಯವಾಗಿ ಆಕ್ಟಿನೊಮೈಸಿಸ್ ಮತ್ತು ಪ್ರೊಪಿಯೊನಿಬ್ಯಾಕ್ಟೀರಿಯಂ. ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟಿ ಬೇರಿನ ತುದಿಯ ಆಚೆ ಇರುತ್ತವೆ. ಆಗ ನಾಳದ ಒಳಗೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಗುಳ್ಳೆಯಿಂದ ಬರುವ ಕೀವಿನಲ್ಲಿ ಹಳದಿ ಸಣ್ಣ ಕಾಳುಗಳು ಕಂಡರೆ ಇದನ್ನು ನೆನಪಿಗೆ ತಂದುಕೊಳ್ಳಿ.

ತೆರೆದು ನೋಡಿದಾಗ

ಟೀಚರಮ್ಮನ ಹಲ್ಲಿಗೆ ಮರಗಟ್ಟಿಸಿ, ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಹಾಕಿ ಕ್ಯಾಪ್ ತೆಗೆದೆ. ರಬ್ಬರ್ ಡ್ಯಾಮ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಎಂಜಲಿನ ಜೊತೆ ಹೊಸ ಬ್ಯಾಕ್ಟೀರಿಯಾ ನಾವೇ ಒಳಗೆ ಬಿಟ್ಟ ಹಾಗಾಗುತ್ತದೆ. ಒಳಗಿನ ಫಿಲ್ಲಿಂಗ್ ಗಟ್ಟಿಯಾಗಿತ್ತು. ಸೋರಿಕೆಯ ಕಪ್ಪು ಗೆರೆ ಎಲ್ಲೂ ಇರಲಿಲ್ಲ. ಮೂರು ನಾಳಗಳ ಗುಲಾಬಿ ಗಟ್ಟಾ ಪರ್ಚಾ ಹೇಗೆ ಬಿಟ್ಟಿದ್ದೆನೋ ಹಾಗೇ ಇತ್ತು.

ದೊಡ್ಡದಾಗಿ ಕಾಣುವ ಕನ್ನಡಕ ಹಾಕಿಕೊಂಡು ನೋಡಿದೆ. ಮುಂದಿನ ನಾಳದಿಂದ ಅಂಗುಳಿನ ನಾಳದ ಕಡೆಗೆ ಒಂದು ತೆಳು ಗೆರೆ ಹೋಗಿತ್ತು, ಮಣ್ಣಿನ ಗೋಡೆಯಲ್ಲಿ ಇರುವೆ ಸಾಲಿನ ಗುರುತಿನ ಹಾಗೆ. ಅದರ ಮೇಲೆ ಡೆಂಟಿನ್ ಒಂದು ಚಾಚಿದ ಅಂಚಿನಂತೆ ಮುಚ್ಚಿಕೊಂಡಿತ್ತು. ಅಲ್ಟ್ರಾಸೋನಿಕ್ ತುದಿಯಿಂದ ಆ ಅಂಚನ್ನು ಒಂದು ಮಿಲಿಮೀಟರಿನಷ್ಟು ಕೆರೆದೆ. ನಾಳ ತೊಳೆಯುವ ಸೋಡಿಯಂ ಹೈಪೋಕ್ಲೋರೈಟ್ ಎರಡು ಹನಿ ಬಿಟ್ಟು ಕಾದೆ. ಗೆರೆಯ ನಡುವೆ ಒಂದೇ ಜಾಗದಿಂದ ಸಣ್ಣ ಸಣ್ಣ ನೊರೆಗುಳ್ಳೆ ಏಳತೊಡಗಿತು. ಒಳಗೆ ಕೊಳೆತ ನರ ಇದ್ದರೆ ಹೀಗೆ ಆಗುತ್ತದೆ. 8 ನಂಬರಿನ ಫೈಲ್ ಅಲ್ಲಿಟ್ಟು ಮೆಲ್ಲಗೆ ತಿರುಗಿಸಿದೆ. ತುದಿ ಕಚ್ಚಿಕೊಂಡಿತು. ಹೊರಗೆ ತೆಗೆದಾಗ ಅದರ ಮೇಲೆ ಕಂದು ಬಣ್ಣದ ಲೋಳೆ, ಜೊತೆಗೆ ಆ ವಾಸನೆ. ಒಮ್ಮೆ ಮೂಗಿಗೆ ಬಿದ್ದರೆ ಮರೆಯುವ ವಾಸನೆ ಅಲ್ಲ.

ಎರಡು ವರ್ಷದ ಹಿಂದೆ ನಾನು ಬಿಟ್ಟ ನಾಳ ಅದು. ಅವರಿಗೆ ಹಾಗೇ ಹೇಳಿದೆ. "ಈ ನಾಳ ಆವತ್ತು ನನಗೆ ಸಿಕ್ಕಿರಲಿಲ್ಲಮ್ಮ, ಇದನ್ನು ಸರಿ ಮಾಡುವ ಖರ್ಚು ನಿಮ್ಮದಲ್ಲ" ಅಂದೆ. ಹೊಸಬರಿಗೆ ನನ್ನ ಕೋರಿಕೆ ಇದು: ಹೇಳಿಬಿಡಿ. ಜನ ಅರ್ಥ ಮಾಡಿಕೊಳ್ಳುತ್ತಾರೆ.

ಎರಡನೇ ಸಲ ಏನು ಬೇರೆ ಮಾಡಬೇಕು

ಹಳೆಯ ಗಟ್ಟಾ ಪರ್ಚಾ ಪೂರ್ತಿ ತೆಗೆಯಬೇಕು. ಅದರ ಮೇಲೆಯೇ ಪಾಚಿಯ ಹಾಗೆ ಬ್ಯಾಕ್ಟೀರಿಯಾ ಪದರ ಕಟ್ಟಿರುತ್ತದೆ. ಮನೆ ನೀರಿನ ತೊಟ್ಟಿಯ ಪಾಚಿ ಬರೀ ನೀರು ಸುರಿದರೆ ಹೋಗುತ್ತದಾ? ಉಜ್ಜಬೇಕು. ಇಲ್ಲಿಯೂ ಫೈಲ್ ಮುಟ್ಟಿದ ಕಡೆ ಮಾತ್ರ ಉಜ್ಜಿದಂತೆ, ಉಳಿದ ಕಡೆ ದ್ರಾವಣವನ್ನೇ ಅಲುಗಾಡಿಸಿ ಕೆಲಸ ಮಾಡಿಸಬೇಕು. ಹೈಪೋಕ್ಲೋರೈಟ್ ಬಿಟ್ಟು, ನಾಳಕ್ಕೆ ಸರಿಹೊಂದುವ ಗಟ್ಟಾ ಪರ್ಚಾ ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೂ ಸಾಕು, ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ, ಕೊನೆ ಭಾಗಕ್ಕೆ ದ್ರಾವಣ ಮುಟ್ಟುತ್ತದೆ. ಅಲ್ಟ್ರಾಸೋನಿಕ್ ಇದ್ದರೆ ಇನ್ನೂ ಒಳ್ಳೆಯದು. ಸೂಜಿ ಪಕ್ಕದಲ್ಲಿ ತೂತಿರುವುದಾಗಿರಲಿ, ನಾಳದಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳದಿರಲಿ. ಹೈಪೋಕ್ಲೋರೈಟ್ ಬೇರಿನ ಆಚೆ ಹೋದರೆ ಮುಖ ಊದಿಕೊಂಡು ಭಯಂಕರ ನೋವಾಗುತ್ತದೆ.

ಆಮೇಲೆ 17% ಈಡಿಟಿಎ ಅನ್ನುವ ದ್ರಾವಣ ಒಂದು ನಿಮಿಷ. ಫೈಲ್ ಕೆರೆದಾಗ ಕೊಳವೆಗಳ ಬಾಯಿಗೆ ಮೆತ್ತಿಕೊಂಡ ಹೂಳು ಕರಗುತ್ತದೆ, ಒಳಗೆ ಅಡಗಿದವರಿಗೆ ಔಷಧಿ ತಾಗುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು 2% ಕ್ಲೋರ್‌ಹೆಕ್ಸಿಡಿನ್ ಬಳಸುವವರಿದ್ದರೆ ಒಂದು ಎಚ್ಚರಿಕೆ: ಹೈಪೋಕ್ಲೋರೈಟ್ ಉಳಿದಿರುವಾಗಲೇ ಅದನ್ನು ಹಾಕಬೇಡಿ. ಎರಡೂ ಸೇರಿ ಕಂದು ಬಣ್ಣದ ಗಸಿ ಆಗಿ ನಾಳ ಕಟ್ಟುತ್ತದೆ. ನಡುವೆ ತೊಳೆದು ಒಣಗಿಸಿ.

ನಾಳ ತುಂಬುವ ಮೊದಲು ಒಳಗೆ ಬ್ಯಾಕ್ಟೀರಿಯಾ ಉಳಿದಿದೆಯಾ ಅನ್ನುವುದು ಎಷ್ಟು ಮುಖ್ಯ ಅಂತ 1997ರಲ್ಲಿ ಸ್ವೀಡನ್ನಿನ ಶೋಗ್ರೆನ್ ಮತ್ತು ತಂಡ ತೋರಿಸಿದರು. ತುಂಬುವ ಹೊತ್ತಿಗೆ ಬ್ಯಾಕ್ಟೀರಿಯಾ ಸಿಗದ ಹಲ್ಲುಗಳಲ್ಲಿ 94% ವಾಸಿಯಾದವು, ಸಿಕ್ಕ ಹಲ್ಲುಗಳಲ್ಲಿ 68%. ಮರುವರ್ಷ ಸುಂಡ್‌ಕ್ವಿಸ್ಟ್ ತಂಡ ಎರಡನೇ ಸಲ ರೂಟ್ ಕೆನಾಲ್ ಮಾಡಿದ 54 ಹಲ್ಲುಗಳನ್ನು ನೋಡಿದಾಗ 74% ವಾಸಿಯಾಗಿದ್ದವು. ಅಂದರೆ ಎರಡನೇ ಸಲವೂ ನಾಲ್ಕರಲ್ಲಿ ಸುಮಾರು ಮೂರು ಹಲ್ಲು ವಾಸಿಯಾಗುತ್ತವೆ. "ಒಂದು ಸಲ ಕೆಟ್ಟ ಮೇಲೆ ಕೀಳಿಸುವುದೇ ಸೈ" ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಮಾತ್ರೆ ಯಾಕೆ ಕೆಲಸ ಮಾಡುವುದಿಲ್ಲ

ನುಂಗಿದ ಮಾತ್ರೆ ರಕ್ತದಲ್ಲಿ ಹರಿದು ಹೋಗಬೇಕು. ನರ ತೆಗೆದ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ. ಬೇರಿನ ತುದಿಯ ಆಚೆ ಇರುವ ಸ್ವಲ್ಪ ಬ್ಯಾಕ್ಟೀರಿಯಾ ಸಾಯುತ್ತವೆ, ಗುಳ್ಳೆ ಇಂಗುತ್ತದೆ. ಒಳಗಿನ ಸಂಸಾರ ಹಾಗೇ ಇರುತ್ತದೆ. ಇನ್ನೊಂದು ಮಾತು: ಹಲ್ಲು ನೋವು ಅಂದ ಕೂಡಲೇ ಅಂಗಡಿಯಲ್ಲಿ ಕೊಡುವ ಮೆಟ್ರೊನಿಡಜೋಲ್ ಫೀಕಾಲಿಸ್‌ಗೆ ನಾಟುವುದೇ ಇಲ್ಲ. ಸೆಫಲೊಸ್ಪೊರಿನ್ ಗುಂಪಿನವನ್ನೂ ಕ್ಲಿಂಡಮೈಸಿನ್ನನ್ನೂ ಅದು ಹುಟ್ಟಿನಿಂದಲೇ ತಡೆದುಕೊಳ್ಳುತ್ತದೆ. ಅಮಾಕ್ಸಿಸಿಲಿನ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ, ಆದರೆ ಔಷಧಿ ಅಲ್ಲಿಗೆ ಮುಟ್ಟಬೇಕಲ್ಲ.

ಜ್ವರ ಇದ್ದರೆ, ಊತ ಹಬ್ಬುತ್ತಿದ್ದರೆ ಮಾತ್ರೆ ಬೇಕೇ ಬೇಕು. ಬಾಯಿ ತೆರೆಯಲು ಆಗದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ನಾಲಿಗೆ ಕೆಳಗೆ ಊದಿದರೆ ಕ್ಲಿನಿಕ್ಕಿಗೆ ಫೋನ್ ಮಾಡುತ್ತಾ ಕೂರಬೇಡಿ, ರಾತ್ರಿಯಾದರೂ ನೇರ ದೊಡ್ಡಾಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಇದರಲ್ಲಿ ಇನ್ನೂ ಚುರುಕಾಗಿರಬೇಕು, ಅವರಿಗೆ ವಾಸಿಯಾಗುವುದೂ ನಿಧಾನ.

ಎಲ್ಲ ಮಾಡಿದರೂ ಹೋಗದಿದ್ದರೆ

ನಾಳಗಳೆಲ್ಲ ಸಿಕ್ಕಿವೆ, ತೊಳೆದಿದ್ದೇವೆ, ಕ್ಯಾಪ್ ಬಿಗಿಯಾಗಿದೆ, ಆದರೂ ವರ್ಷ ಕಳೆದ ಮೇಲೂ ಗುಳ್ಳೆ ಏಳುತ್ತಿದೆ ಅಂದರೆ ಬೇರಿನ ಹೊರಗಿನ ಸೋಂಕು ಇರಬಹುದು. ಬರೀ ನೆರಳು ಉಳಿದಿದ್ದರೆ ನಾಳದಿಂದ ಬೇರೆಯಾಗಿ ಬೆಳೆದ ಸಿಸ್ಟ್ (ದ್ರವ ತುಂಬಿದ ಚೀಲ) ಆಗಿರಬಹುದು, ಕೆಲವೊಮ್ಮೆ ಬರೀ ಗಾಯದ ಕಲೆ. ಆಗ ವಸಡು ಬಿಡಿಸಿ ಬೇರಿನ ತುದಿಯನ್ನು 3 ಮಿಲಿಮೀಟರ್ ಕತ್ತರಿಸಿ, ಹಿಂದಿನಿಂದ ಎಂಟಿಎ ಅನ್ನುವ ಸಿಮೆಂಟ್ ತುಂಬುವ ಆಪರೇಷನ್ ಇದೆ. ಕವಲು ಕಾಲುವೆಗಳು ಬಹುಪಾಲು ಆ ಮೂರು ಮಿಲಿಮೀಟರಿನಲ್ಲೇ ಇರುವುದರಿಂದ ಅವೂ ಅದರ ಜೊತೆ ಹೋಗುತ್ತವೆ. ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸಿ. ಅಲ್ಲಿಯೇ ಮೊದಲ ಸಲ ಬ್ಯಾಕ್ಟೀರಿಯಾದ ಗುರುತು ನಿಮಗೆ ಕೆಲಸಕ್ಕೆ ಬರುವುದು.

ಟೀಚರಮ್ಮನಿಗೆ ಅದು ಬೇಕಾಗಲಿಲ್ಲ. ಎಂಬಿ-2 ತೊಳೆದು, ಎರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟೆ. ಅವರು ತಿರುಗಿ ಬಂದಾಗ ಗುಳ್ಳೆಯ ಜಾಗದಲ್ಲಿ ಒಂದು ಗುಲಾಬಿ ಚುಕ್ಕೆ ಮಾತ್ರ ಇತ್ತು. ಯಾವ ಬ್ಯಾಕ್ಟೀರಿಯಾ ಅಂತ ನಾನು ಪರೀಕ್ಷೆ ಮಾಡಿಸಲೇ ಇಲ್ಲ. ನಾಲ್ಕೂ ನಾಳ ತುಂಬಿ ಹೊಸ ಕ್ಯಾಪ್ ಹಾಕಿದೆ. ಆರು ತಿಂಗಳಿಗೆ ನೆರಳು ಅರ್ಧಕ್ಕೆ ಇಳಿದಿತ್ತು. ವರ್ಷದ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಒಂದು ಮಸುಕು ಗೆರೆ ಇನ್ನೂ ಉಳಿದಿದೆ. ಮುಂದಿನ ಮಾರ್ಚಿಗೆ ಮತ್ತೆ ಬರಲು ಹೇಳಿ, ಎರಡೂ ಎಕ್ಸ್‌ರೇಗಳ ಪ್ರತಿಯನ್ನು ಅವರ ಕೈಗೇ ಕೊಟ್ಟಿದ್ದೇನೆ.